ಮರದ ಹೊಟ್ಟೆ, ಜಾಂಗದ ಕರುಳು

ಕಲ್ಲಿನ ಮೇಲೆ ಗಂಧದ ಕೊರಡು ತೇಯುತ್ತ ಕೂತಿದ್ದ ಫಿಲಾಯೆಗೆ ನಿಲ್ಲಿಸಬೇಕೆಂಬುದೇ ಮರೆತುಹೋಗಿತ್ತು. ಬಿಸಿಲಿಗಿಳಿಯುವ ಹೆಂಗಸರು ಮುಖಕ್ಕೆ ಬಳಿದುಕೊಳ್ಳುವ ಹಳದಿ ಗಂಧ ಅದು. ಒಬ್ಬಳಿಗೆ ಬೇಕಾದದ್ದು ಒಂದು ಚಿಟಿಕೆ. ಇಲ್ಲಿ ನೋಡಿದರೆ ಇಡೀ ಕೇರಿಗೆ ಸಾಲುವಷ್ಟಾಗಿ ಕಲ್ಲಿನಂಚಿನಿಂದ ಕೆಳಗಿಳಿಯುತ್ತಿತ್ತು. ಗಾಬರಿಯಿಂದ ಬೆರಳಲ್ಲಿ ಬಳಿದು ಬಳಿದು ಚಿಪ್ಪಿಗೆ ತುಂಬಿದಳು. ತುಂಬುತ್ತಲೇ ಅತ್ತಿತ್ತ ನೋಡಿದಳು. ತಾನು ಹೀಗೆ ಚೂರೂ ಬಿಡದೆ ಉಳಿಸುವುದನ್ನು ಯಾರಾದರೂ ಕಂಡರೆ ಮತ್ತೆ ನಗುತ್ತಾರೆ, ಇವತ್ತು ಅದೊಂದು ಬಾಕಿ. ಯಾರೂ ಇರಲಿಲ್ಲ, ಮೀನಿನ ಬುಟ್ಟಿ ಮೂಸುತ್ತಿದ್ದ ನಾಯಿಯೊಂದನ್ನು ಬಿಟ್ಟು. ನಾಯಿಯೂ ತನ್ನನ್ನು ನೋಡಿ ಮುಖ ತಿರುಗಿಸಿತು ಎಂದು ಅವಳಿಗೆ ಅನ್ನಿಸಿತು. ಹೊರಗೆ ಸಮುದ್ರದ ನೀರು ಇಳಿಯುತ್ತಿತ್ತು. ಗುಡಿಸಲ ಜೊಂಡುಗೋಡೆಯ ಈಚೆ ಕೂತೇ ಅದು ಅವಳಿಗೆ ಕೇಳುತ್ತಿತ್ತು. ಮದುವೆಯಾಗಿ ಕಡಲಂಚಿನ ಈ ಅಂದ್ರನುಮಾಸಿ ಊರಿಗೆ ಬಂದ ಹೊಸದರಲ್ಲಿ ಏರುವ ನೀರಿನ ಸದ್ದಿಗೂ ಇಳಿಯುವ ನೀರಿನ ಸದ್ದಿಗೂ ವ್ಯತ್ಯಾಸ ತಿಳಿಯದೆ ಗಂಡ ತೊಂಬುವನ್ನು ಕೇಳಿ ಕೇಳಿ ನಗಿಸಿದ್ದಳು. ಈಗ ಕಿವಿಗೆ ತಾನಾಗಿಯೇ ತಿಳಿಯುತ್ತದೆ. ಇದನ್ನು ಯಾರಿಗಾದರೂ ಹೇಳಿಕೊಳ್ಳಬೇಕು ಎಂದು ಎಷ್ಟೋ ಸಲ ಬಾಯಿತನಕ ಬಂದು, ಹೇಳಿದರೆ ಇದೇನು ದೊಡ್ಡ ವಿದ್ಯೆ ಎಂದಾರು ಎಂದು ನುಂಗಿಕೊಂಡಿದ್ದಳು.

ಇವತ್ತು ನೀರು ತುಂಬಾ ದೂರ ಹೋಗುವ ದಿನ. ಹೆಂಗಸರ ಸಂಘದವರು ಸಮುದ್ರದೊಳಗಿನ ಬಲೆಬೇಲಿಗಳಿಗೆ ಒಂದೊಂದಾಗಿ ಇಳಿದು, ಮರಳು ಬಗೆದು, ಒಳಗೆ ಸಾಕಿದ ಜಾಂಗಗಳು ಇವೆಯೋ ಇಲ್ಲವೋ ನೋಡುತ್ತಾರೆ. ಮೂಳೆಯಿಲ್ಲದ, ಮುಖವಿಲ್ಲದ, ಮರಳು ತಿಂದು ಮರಳಲ್ಲೇ ಹುದುಗಿರುವ ಆ ಕಡಲಸೌತೆಗಳು ಫಿಲಾಯೆಯ ಬೇಲಿಯಲ್ಲಿ ಇದ್ದರೆ ಬೇಲಿ ಅವಳದೇ ಉಳಿಯುತ್ತದೆ. ಇಲ್ಲದಿದ್ದರೆ ಓರಗಿತ್ತಿ ಹನಿತ್ಸೆಗೆ ಹೋಗುತ್ತದೆ. ಫಿಲಾಯೆ ಮತ್ತೆ ಕಟ್ಟಿಗೆ ತರುವುದಕ್ಕೆ, ಮರಗೆಣಸು ಸುಲಿಯುವುದಕ್ಕೆ. ಕಟ್ಟಿಗೆ ತರುವುದು ಕೆಟ್ಟ ಕೆಲಸವೇನಲ್ಲ. ಆದರೆ ಇಳಿತದ ಹೊತ್ತಿಗೆ ಊರಿನ ಹೆಂಗಸರೆಲ್ಲ ಸಾಲುಗಟ್ಟಿ ನೀರಿಗಿಳಿಯುವಾಗ ಒಬ್ಬಳೇ ಬೆನ್ನು ತಿರುಗಿಸಿ ಕಾಡಿನ ಕಡೆ ನಡೆಯುವುದಿದೆಯಲ್ಲ, ಮೊದಲ ವರ್ಷವೆಲ್ಲ ಅದನ್ನು ಮಾಡಿದ್ದಳು. ಇನ್ನೊಮ್ಮೆ ಮಾಡಲು ಅವಳಿಂದಾಗದು. ಆ ಬೇಲಿಯನ್ನು ಸಂಘದಲ್ಲಿ ಎದ್ದು ನಿಂತು ಕೇಳಿ ಕೊಡಿಸಿದವಳು ಅತ್ತೆ. ತನ್ನ ಮಂಡಿ ಹೋಯಿತು, ಇನ್ನು ಸೊಸೆ ನೋಡಿಕೊಳ್ಳಲಿ ಎಂದಿದ್ದಳು. ಯಾವ ಸೊಸೆ ಎಂದು ಯಾರೋ ಕೇಳಿದಾಗ ಹನಿತ್ಸೆಯ ಎದುರಿನಲ್ಲೇ ಒಳನಾಡಿನಿಂದ ಬಂದ ಈ ಸೊಸೆಯ ಹೆಸರು ಹೇಳಿದ್ದಳು. ಯಾಕೆ ಹಾಗೆ ಮಾಡಿದಳೆಂದು ಇವತ್ತಿಗೂ ಫಿಲಾಯೆಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಆಗಿಲ್ಲ.

"ಇನ್ನೂ ತೇಯ್ತಾನೇ ಇದೀಯಾ? ಮದುವಣಗಿತ್ತಿ ಏನು ನೀನು?" ಅತ್ತೆ ವೆಲುಸೊವಾ ಬಾಗಿಲಲ್ಲಿ ನಿಂತಿದ್ದಳು. ತಲೆಗೆ ಬಟ್ಟೆ ಬಿಗಿದು, ಸೊಂಟಕ್ಕೆ ಚೂರಿ ಸಿಕ್ಕಿಸಿಕೊಂಡಿದ್ದಳು.

"ಬಂದೆ ನೇನಿ." ಇಲ್ಲಿ ಅತ್ತೆಯನ್ನೂ ತಾಯಿಯನ್ನೂ ಕರೆಯುವುದು ಹಾಗೆಯೇ.

"ಚೂರಿ ಯಾಕೆ ಅಂತ ಕೇಳಲ್ವಾ?"

"ಯಾಕೆ ನೇನಿ?"

"ಕೇಳ್ಬೇಡ. ನಡಿ, ನೀರು ನಿನಗೋಸ್ಕರ ಕಾಯಲ್ಲ."

ಕೆಸರಿನ ಮೇಲೆ ಇಬ್ಬರೂ ನಡೆದರು. ಮಂಡಿ ನೋವಿನ ಅತ್ತೆ ಮುಂದೆ, ಗಟ್ಟಿಮುಟ್ಟಾದ ಸೊಸೆ ಹಿಂದೆ. ಎಲ್ಲಿ ಮರಳು ಗಟ್ಟಿ, ಎಲ್ಲಿ ಕಾಲು ಹೂತುಹೋಗುತ್ತದೆ ಎಂಬುದು ಈಗ ಫಿಲಾಯೆಯ ಪಾದಕ್ಕೂ ಗೊತ್ತು. ಆದರೂ ಅತ್ತೆಯ ಹೆಜ್ಜೆಗುರುತಿನ ಮೇಲೆಯೇ ತನ್ನ ಹೆಜ್ಜೆ ಇಡುತ್ತಾಳೆ. ಹೆಚ್ಚು ತಿಳಿದವಳಂತೆ ಕಾಣಬಾರದು. ಒಮ್ಮೆ ತಾನೇ ದಾರಿ ಹಿಡಿದು ಸೊಂಟದ ತನಕ ಹೂತುಹೋದಾಗ ಎಳೆದು ತೆಗೆದ ಹೆಂಗಸರು ಒಕ್ಕೊರಲಿನಿಂದ "ಮಸಿಕೊರೊ" ಎಂದಿದ್ದರು. ಹೊಲ ಉಳುವ ಒಳನಾಡಿನ ಜನದ ಹೆಸರು ಅದು. ಅವಳು ಮಸಿಕೊರೊ ಅಲ್ಲ, ಮೇಲಿನ ಸುಣ್ಣಕಲ್ಲಿನ ಬಯಲಿನ ಮಹಾಫಾಲಿ ಜನದವಳು. ಕಡಲ ಜನಕ್ಕೆ ಅದೆಲ್ಲ ಒಂದೇ. ಬೆನ್ನು ಸಮುದ್ರಕ್ಕೆ ಹಾಕಿ ಹುಟ್ಟಿದವರೆಲ್ಲ ಮಸಿಕೊರೊ. ವಿಚಿತ್ರವೆಂದರೆ ವೆಜೊ ಎಂದು ಕರೆದುಕೊಳ್ಳುವ ಈ ಕಡಲ ಜನ ತಮ್ಮವರನ್ನೂ ಬಿಡುವುದಿಲ್ಲ. ಮುದುಕ ದೋಣಿಯಲ್ಲಿ ಎಡವಿದರೆ "ಅಜ್ಜ ಮಸಿಕೊರೊ ಆದ" ಎನ್ನುತ್ತಾರೆ. ಮೂರು ವರ್ಷದ ಮಗು ನೀರಿಗೆ ಹಾರಿ ತೇಲಿದರೆ "ವೆಜೊ ಆಯ್ತು ನೋಡು" ಎಂದು ಚಪ್ಪಾಳೆ ತಟ್ಟುತ್ತಾರೆ. ಹುಟ್ಟಿನಿಂದ ಯಾರೂ ವೆಜೊ ಅಲ್ಲ, ಮಾಡುವ ಕೆಲಸದಿಂದ ವೆಜೊ ಎಂದು ತೊಂಬು ಮದುವೆಗೆ ಮುಂಚೆ ಹೇಳಿದಾಗ ಅವಳಿಗೆ ಎಷ್ಟು ಸಂತೋಷವಾಗಿತ್ತು. ಹಾಗಾದರೆ ನಾನೂ ಆಗಬಹುದು ಎಂದುಕೊಂಡಿದ್ದಳು. ಪ್ರತಿದಿನವೂ ಆಗಬೇಕು, ಆದದ್ದು ಸಂಜೆಯೊಳಗೆ ಕಳೆದುಹೋಗಬಹುದು ಎಂಬುದನ್ನು ಅವನು ಹೇಳಿರಲಿಲ್ಲ.

"ಫಿಲಾಯೆ, ಮರ ಚಿಗುರಿತಾ?" ದೂರದಿಂದ ಯಾರೋ ಕೂಗಿದರು. ಹನಿತ್ಸೆಯೇ. ಅವಳ ದನಿ ತುಂಬ ದೂರ ಕೇಳುತ್ತದೆ.

ಫಿಲಾಯೆ ಕೈ ಎತ್ತಿ ನಕ್ಕಳು. ನಗದಿದ್ದರೆ ಸಿಟ್ಟು ಎನ್ನುತ್ತಾರೆ. ನಕ್ಕರೆ ನಾಚಿಕೆಯಿಲ್ಲ ಎನ್ನುತ್ತಾರೆ. ನಗುವುದೇ ಸುಲಭ.

ಎರಡು ತಿಂಗಳ ಹಿಂದೆ ಆ ಮಾತು ಹುಟ್ಟಿದ ದಿನವೂ ಹೀಗೆಯೇ ಬಿಸಿಲಿತ್ತು. ಜಾಂಗದ ಮರಿಗಳನ್ನು ಚಿಕ್ಕ ಬೇಲಿಯಿಂದ ದೊಡ್ಡ ಬೇಲಿಗೆ ಸಾಗಿಸುವ ದಿನ. ಒಬ್ಬೊಬ್ಬರಿಗೂ ಒಂದು ಪ್ಲಾಸ್ಟಿಕ್ ಬೋಗುಣಿ. ಮೊಣಕಾಲುದ್ದ ನೀರಿನಲ್ಲಿ ನಿಂತು, ಕಣ್ಣು ಹಾಯಿಸಿದಷ್ಟೂ ನೀರೇ ಇರುವಲ್ಲಿ, ಅವಳು ಬೋಗುಣಿಗೆ ಹಾಕಿದ್ದು ಎರಡು ಬೊಗಸೆ ನೀರು. ಮರಿಗಳ ಬೆನ್ನು ಒದ್ದೆಯಾಗುವಷ್ಟು. ಸಾಕು ಎಂದು ಅವಳು ಯೋಚಿಸಿ ಹಾಕಿದ್ದಲ್ಲ, ಕೈ ತಾನೇ ನಿಂತಿತ್ತು. ಕೈ ಎಲ್ಲಿ ನಿಲ್ಲಬೇಕೆಂಬುದನ್ನು ಅವ್ವ ಕಲಿಸಿದ್ದಳು. ಮಳೆಗಾಲದಲ್ಲಿ ಟೊಳ್ಳು ಮರದ ಹೊಟ್ಟೆಗೆ ತುಂಬಿಟ್ಟು ಇಳಿಸಿದ ನೀರನ್ನು ಸೋರೆಬುರುಡೆಯಲ್ಲಿ ಅಳೆದು, ಕುಡಿಯಲು ಇಷ್ಟು, ಕರುವಿಗೆ ಇಷ್ಟು, ಮುಖಕ್ಕೆ ಬೇಡ, ಮುಖ ಇಬ್ಬನಿಯಲ್ಲಿ ಒರೆಸಿಕೋ. ಒಮ್ಮೆ ಬುರುಡೆ ಜಾರಿ ನೀರು ಚೆಲ್ಲಿದಾಗ ಅವ್ವ ಹೊಡೆಯಲಿಲ್ಲ. ಒದ್ದೆ ನೆಲದ ಮೇಲೆ ಕರುವನ್ನು ತಂದು ನಿಲ್ಲಿಸಿ ನೆಕ್ಕಿಸಿದಳು. ಹೊಡೆದಿದ್ದರೆ ಮರೆತುಹೋಗುತ್ತಿತ್ತೇನೋ. ಫಿಲಾಯೆ ಬೋಗುಣಿಯನ್ನು ಮರಳದಿಬ್ಬದ ಮೇಲಿಟ್ಟು, ಹರಿದಿದ್ದ ಬಲೆ ಹೆಣೆಯಲು ಹೋದಳು. ಹೆಣೆದು ಬಂದು ನೋಡಿದರೆ ನೀರು ಕೈ ಸುಡುವಂತಿತ್ತು. ನೀರಿನ ತುಂಬ ಹಳದಿ ಬಿಳಿ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡಿದ್ದವು. ನೂಲಿನ ಉಂಡೆ ಯಾರು ಹಾಕಿದರು ಎಂದು ಮೊದಲು ಅಂದುಕೊಂಡಳು. ಜಾಂಗಗಳು ಕರುಳು ಕಾರಿಕೊಂಡಿದ್ದವು. ಬೆದರಿದರೆ, ಬೆಂದರೆ ಅವು ಹಾಗೆ ಮಾಡುತ್ತವೆ ಎಂದು ಕೇಳಿದ್ದಳು, ನೋಡಿರಲಿಲ್ಲ. ಎಲ್ಲವೂ ಹೊಟ್ಟೆ ಇಳಿದು ಸೋತು ಬಿದ್ದಿದ್ದವು.

"ಎರಡು ಬೊಗಸೆ ನೀರೇನೇ?" ಹನಿತ್ಸೆ ಬೋಗುಣಿಯೊಳಗೆ ಬಗ್ಗಿ ನೋಡಿದ್ದಳು. "ಸಮುದ್ರ ಮುಗಿದುಹೋಗುತ್ತೆ ಅಂತ ಹೆದರಿದ್ಯಾ?"

ಹೆಂಗಸರು ನಕ್ಕರು. ಸುತ್ತ ಹೊಳೆಯುತ್ತಿದ್ದ ಅಷ್ಟೂ ನೀರಿನ ನಡುವೆ ನಿಂತು ಫಿಲಾಯೆಗೆ ಬಾಯಿ ಒಣಗಿತು. ಅತ್ತೆ ಮಾತ್ರ ನಗಲಿಲ್ಲ. ಅದು ಇನ್ನೂ ಕೆಟ್ಟದ್ದಾಗಿತ್ತು. ಸಂಘದಲ್ಲಿ ತಾನು ಆಡಿದ ಮಾತು ಆ ಬೋಗುಣಿಯಲ್ಲಿ ಕೊಳೆಯುತ್ತಿರುವುದನ್ನು ಅವಳು ಸುಮ್ಮನೆ ನೋಡಿದಳು. ಆಮೇಲೆ, "ಒಲೆಗೆ ಹಾಕೋಣ. ಕರುಳು ಹೋದ ಮೇಲೆ ಇನ್ನೇನು," ಎಂದಳು. ಈ ಊರಿನಲ್ಲಿ ಹುಟ್ಟಿದ ಯಾವ ಹೆಂಗಸೂ ಕರುಳಿಲ್ಲದ ಜಾಂಗವನ್ನು ಕುದಿಯುವ ಪಾತ್ರೆಯಲ್ಲಲ್ಲದೆ ಬೇರೆಲ್ಲೂ ಕಂಡವಳಲ್ಲ. ಕೊಯ್ದು, ಕರುಳು ತೆಗೆದು, ಬೇಯಿಸಿ, ಒಣಗಿಸುವುದು ಅವರ ಅಜ್ಜಿಯ ಕಾಲದಿಂದ ಬಂದದ್ದು. ಹೊರಗೆ ಬಂದ ಕರುಳಿಗೆ ಮುಂದೇನಾಗುತ್ತದೆ ಎಂದು ಕಾದು ನೋಡುವ ಪ್ರಸಂಗ ಯಾರಿಗೂ ಬಂದಿರಲಿಲ್ಲ.

"ವಾಪಸ್ ಬಿಡೋಣ ನೇನಿ," ಎಂದು ತನ್ನ ಬಾಯಿಂದ ಬಂದದ್ದನ್ನು ಫಿಲಾಯೆಯೇ ಕೇಳಿಸಿಕೊಂಡಳು. "ನಮ್ಮೂರಲ್ಲಿ ದೊಡ್ಡಹುಣಸೆ ಅಂತ ಗುಡಿಸಲಷ್ಟು ದಪ್ಪದ ಮರ ಇದೆ, ಅದರ ಹೊಟ್ಟೆ ಬಗೀತಾರೆ. ಬಾಗಿಲಷ್ಟು ಕೊರೆದು ಒಳಗಿದ್ದದ್ದೆಲ್ಲ ತೆಗೆದುಬಿಡ್ತಾರೆ, ನೀರು ತುಂಬಿಡೋಕೆ. ಮರ ಸಾಯಲ್ಲ. ಮುಂದಿನ ಮಳೆಗೆ ಎಲೆ ಬಿಡುತ್ತೆ."

"ಅದು ಮರ," ಎಂದಳು ಅತ್ತೆ.

"ಹೌದು."

"ಇದು ಜಾಂಗ. ಮರಕ್ಕೂ ಜಾಂಗಕ್ಕೂ ಎಲ್ಲಿಯ ಸಂಬಂಧ?"

ಎಲ್ಲರೂ ಫಿಲಾಯೆಯನ್ನೇ ನೋಡುತ್ತಿದ್ದರು. "ಎರಡಕ್ಕೂ ಮೂಳೆ ಇಲ್ಲ," ಎಂದುಬಿಟ್ಟಳು.

ಆ ನಗು ಊರಿನ ದಡ ಮುಟ್ಟಿ ವಾಪಸ್ ಬಂದಿರಬೇಕು. ಸಂಘದ ಮುಂದಾಳು ಕ್ಲೊಟಿಲ್ಡ್ ನಕ್ಕು ನಕ್ಕು ತನ್ನ ಹುಲ್ಲಿನ ಟೋಪಿ ಬೀಳಿಸಿಕೊಂಡಳು. ಅತ್ತೆ ಒಂದು ಮರಿಯನ್ನು ಎತ್ತಿ ಹಿಂಡಿ ನೋಡಿ, "ಬೇಯಿಸಿ ಒಣಗಿಸಿದರೆ ಬೆರಳಷ್ಟೂ ಉಳಿಯಲ್ಲ ಇವು. ಬಿಡು, ಬಿಡು ವಾಪಸ್," ಎಂದಳು. ಒಪ್ಪಿದ್ದೋ ಕೈಬಿಟ್ಟದ್ದೋ ಗೊತ್ತಾಗಲಿಲ್ಲ. ಅಂದಿನಿಂದ ಫಿಲಾಯೆಗೆ ಬೇರೆ ಹೆಸರೇ ಬೇಡವಾಯಿತು. ಸಮುದ್ರದಲ್ಲಿ ಮರ ನೆಟ್ಟವಳು. ದೋಣಿಯಲ್ಲಿ ಹೋಗುವ ಗಂಡಸರು, "ತಂಗೀ, ಒಳ್ಳೆ ಕೊಂಬೆ ಬಂದರೆ ಹೇಳು, ನಮ್ಮ ಹಾಯಿಗೆ ಕಂಬ ಬೇಕು," ಎಂದರು. ತೊಂಬು ಕೂಡ ಒಂದು ರಾತ್ರಿ ಊಟ ಮಾಡುತ್ತ ನಕ್ಕುಬಿಟ್ಟ. ನಕ್ಕು, ಹೆಂಡತಿಯ ಮುಖ ನೋಡಿ, ಅನ್ನ ಗಂಟಲಲ್ಲಿ ಸಿಕ್ಕಿಕೊಂಡವನಂತೆ ಕೆಮ್ಮಿದ. ಆ ಕೆಮ್ಮನ್ನು ಅವಳು ಇನ್ನೂ ಕ್ಷಮಿಸಿಲ್ಲ.

ಆದರೆ ಯಾರ ನಗುವಿಗಿಂತಲೂ ಹೆಚ್ಚು ಅವಳನ್ನು ಚುಚ್ಚುತ್ತಿದ್ದುದು ತಾನು ಹೇಳದೆ ಬಿಟ್ಟ ಮಾತು. ಅಪ್ಪ ಬಗೆದ ಮರಗಳು ಎರಡು. ಮೊದಲನೆಯದು ಬದುಕಿತು. ಗಾಯದ ಸುತ್ತ ತುಟಿಯಂತೆ ಹೊಸ ತೊಗಟೆ ಬಂತು, ಒಳಗೋಡೆ ಒಣಗಿ ಬಿಗಿಯಿತು, ಅದರ ನೀರು ಕುಡಿದೇ ಅವಳು ಬೆಳೆದಳು. ಎರಡನೆಯದನ್ನು ಅಪ್ಪ ಅವಸರದಲ್ಲಿ, ಮರ ನೀರು ಕುಡಿದು ಉಬ್ಬಿದ್ದಾಗ ಬಗೆದ. ಆ ಮರ ಒಳಗಿಂದ ಕೊಳೆಯಿತು. ಗಾಳಿಯೂ ಇಲ್ಲದ ಒಂದು ಮಧ್ಯಾಹ್ನ, ಯಾರೂ ಮುಟ್ಟದಿದ್ದರೂ, ಒದ್ದೆ ಬಟ್ಟೆಯ ರಾಶಿಯಂತೆ ತನ್ನ ಮೇಲೆ ತಾನೇ ಕುಸಿದು ಕೂತಿತು. ಮರ ನೆಲ ಮುಟ್ಟುವ ಮುಂಚೆಯೇ ಅಪ್ಪ ನೆಲಕ್ಕೆ ಕೂತುಬಿಟ್ಟಿದ್ದ. ಆಮೇಲೆ ಅವನು ಕೊಡಲಿ ಮುಟ್ಟಲಿಲ್ಲ. ಮರ ಸಾಯುವುದಿಲ್ಲ ಎಂದು ಹೆಂಗಸರೆದುರು ಹೇಳುವಾಗ ಆ ಕುಸಿದ ಮರ ಅವಳ ಕಣ್ಣೆದುರಿಗಿತ್ತು. ಕಂಡೂ ಹೇಳಿದಳು. ಅರ್ಧ ನಿಜವನ್ನು ನೀರಿಗೆ ಬಿಟ್ಟು ಎರಡು ಅಮಾವಾಸ್ಯೆಗಳಿಂದ ಕಾಯುತ್ತಿದ್ದಾಳೆ. ದಿನಾ ಬೇಲಿಯ ಸುತ್ತ ನಡೆದು, ಬಲೆಗೆ ಹತ್ತಿದ ಏಡಿಗಳನ್ನು ಕಿತ್ತೆಸೆದಳು, ಹರಿದದ್ದನ್ನು ಹೆಣೆದಳು. ಒಳಗೆ ಕೈಹಾಕಿ ನೋಡಲಿಲ್ಲ. ಬಗೆದ ಮರದ ಬಾಯಿಗೆ ಚಾಪೆ ಕಟ್ಟಿ, ಒಣಗುವ ತನಕ ಯಾರೂ ಇಣುಕಬಾರದು ಎಂದು ಅಪ್ಪ ಕಾವಲು ಕೂರುತ್ತಿದ್ದ. ತಾನೂ ಅದನ್ನೇ ಮಾಡುತ್ತಿದ್ದೇನೆ ಎಂದು ಸಮಾಧಾನ ಮಾಡಿಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೆ ಹೆದರಿಕೆ. ನೋಡದಿರುವ ತನಕ ಅವು ಸತ್ತಿರಲಿಲ್ಲ. ಒಂದೆರಡು ಬಿಳುಚಿ, ಲೋಳೆಯಾಗಿ, ಬಲೆಗೆ ಬಂದು ತಗುಲಿದ್ದನ್ನು ಕಂಡಿದ್ದಳು. ಯಾರಿಗೂ ಹೇಳದೆ ಮರಳಿನಲ್ಲಿ ಹೂತಿದ್ದಳು.

ಬೇಲಿಗಳ ಹತ್ತಿರ ಹೆಂಗಸರೆಲ್ಲ ಸೇರಿದ್ದರು. ಹಳದಿ ಗಂಧದ ಮುಖಗಳಲ್ಲಿ ಕಣ್ಣು ಹಲ್ಲು ಮಾತ್ರ ಕಾಣುತ್ತಿದ್ದವು. ಕ್ಲೊಟಿಲ್ಡ್ ಒಂದೊಂದೇ ಬೇಲಿಗೆ ಇಳಿದು, ಕೈ ಹುದುಗಿಸಿ, ಜಾಂಗ ಎತ್ತಿ ತೋರಿಸಿ, "ಇದೆ," ಎನ್ನುತ್ತ ಬಂದಳು. ಹನಿತ್ಸೆಯ ತಂಗಿಯ ಬೇಲಿಯಲ್ಲಿ ಇತ್ತು. ಪಕ್ಕದ್ದರಲ್ಲೂ ಇತ್ತು. ಪ್ರತಿ "ಇದೆ"ಗೂ ಫಿಲಾಯೆಯ ಎದೆ ಒಂದು ಹೆಜ್ಜೆ ಕೆಳಗಿಳಿಯುತ್ತಿತ್ತು. ಬೇರೆಯವರದು ಇಲ್ಲದಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿರುವುದು ಗೊತ್ತಾಗಿ ನಾಚಿಕೆಯಾಯಿತು. ನಾಚಿಕೆಯಾದರೂ ಬೇಡಿಕೊಳ್ಳುವುದು ನಿಲ್ಲಲಿಲ್ಲ.

"ಇನ್ನು ಕಾಡಿಗೆ ಹೋಗೋಣ," ಎಂದಳು ಹನಿತ್ಸೆ, ಫಿಲಾಯೆಯ ಬೇಲಿ ತೋರಿಸಿ. ಯಾರೋ ಕಿಸಕ್ಕೆಂದರು.

ಕ್ಲೊಟಿಲ್ಡ್ ಒಳಗಿಳಿದು ಮೊಣಕೈತನಕ ಮರಳಿಗೆ ಹಾಕಿದಳು. ತೆಗೆದಳು. ಮರಳು. ಇನ್ನೊಂದು ಕಡೆ ಹಾಕಿದಳು. ಮರಳು, ಒಂದು ಒಡೆದ ಚಿಪ್ಪು. ಮೂರನೆಯ ಕಡೆಗೆ ಕೈ ಹಾಕಿದಳು. ಹನಿತ್ಸೆಯೂ ನಗು ಬಿಟ್ಟು ಇತ್ತ ನೋಡಿದಳು. ಅವಳ ಮುಖದಲ್ಲಿ ಕನಿಕರವಿದ್ದದ್ದು ಕಂಡು ಫಿಲಾಯೆಗೆ ಮೈಯೆಲ್ಲ ಉರಿಯಿತು. ಮಾತು ಬೇಕಾದರೆ ಆಡಲಿ, ಕನಿಕರ ಬೇಡ. ಅವಳು ಬಲೆ ದಾಟಿ ಒಳಗೆ ನಡೆದಳು. ಎಲ್ಲಿ ಹುಡುಕಬೇಕೆಂದು ಗೊತ್ತಿರಲಿಲ್ಲ. ಕಾಲನ್ನು ಮರಳಿನ ಮೇಲೆ ಊರಿ ನಿಂತಳು, ಇನ್ನೊಂದು ಹೆಜ್ಜೆ ಇಟ್ಟಳು, ಕಡಲಹುಲ್ಲು ದಟ್ಟವಾಗಿದ್ದ ಮೂಲೆಯ ಕಡೆಗೆ. ಅಲ್ಲಿ ನೆರಳು. ತಾನು ಜಾಂಗವಾಗಿದ್ದರೆ, ಒಮ್ಮೆ ಬೆಂದಿದ್ದರೆ, ನೆರಳಿಗಲ್ಲದೆ ಇನ್ನೆಲ್ಲಿಗೆ ಹೋಗುತ್ತಿದ್ದೆ ಎಂದು ಹೊಳೆದದ್ದು ಮೊದಲು ಕಾಲಿಗೆ, ಆಮೇಲೆ ತಲೆಗೆ. ಅಂಗಾಲಿನ ಕೆಳಗೆ ಮರಳು ಒಂದು ಕಡೆ ಮೆತ್ತಗೆ ಉಬ್ಬಿತ್ತು. ಬಗ್ಗಿ ಎರಡೂ ಕೈ ಹಾಕಿದಳು.

ಭಾರ ಕೈಗೆ ಬಂತು. ಮೊದಲು ಭಾರ, ಆಮೇಲೆ ಒರಟು ಬೆನ್ನು. ಅಂಗೈ ಉದ್ದದ, ಬೂದು ಬಣ್ಣದ ಜಾಂಗ, ಎತ್ತಿದ ಕೂಡಲೇ ಬಿಗಿಯಾಗಿ, ಸಿಟ್ಟು ಬಂದವರಂತೆ ಒಂದು ಚಿಲುಮೆ ನೀರು ಅವಳ ಎದೆಗೆ ಉಗುಳಿತು. ಅವಳು ಅದನ್ನು ಕ್ಲೊಟಿಲ್ಡಳ ಕೈಗೆ ಕೊಟ್ಟು ಮತ್ತೆ ಬಗ್ಗಿದಳು. ಇನ್ನೊಂದು. ಅದರ ಪಕ್ಕದಲ್ಲೇ ಇನ್ನೊಂದು. ಮೂಲೆಯಲ್ಲಿ ಅವು ಒತ್ತೊತ್ತಾಗಿ ಮಲಗಿದ್ದವು. ಆಮೇಲೆ ಎಲ್ಲ ಹೆಂಗಸರೂ ಬೇಲಿಯೊಳಗಿದ್ದರು, ಯಾವಾಗ ಬಂದರೋ. ಹನಿತ್ಸೆಯೂ ಬಗ್ಗಿ ಬಗ್ಗಿ ತೆಗೆಯುತ್ತಿದ್ದಳು.

"ಇದೆ," ಎಂದಳು ಕ್ಲೊಟಿಲ್ಡ್. "ಇದೆ ಏನು, ಸಂತೆನೇ ಇದೆ."

"ನಿಲ್ಲಿ," ಎಂದಳು ಅತ್ತೆ. ಬಲೆಯ ಹೊರಗೇ ನಿಂತಿದ್ದವಳು ಈಗ ಮಂಡಿ ಹಿಡಿದುಕೊಂಡು ಒಳಬಂದಳು. "ಇವು ಬೇರೆ ಕಡೆಯಿಂದ ಬಂದು ಸೇರಿಕೊಂಡಿರಬಹುದು. ಬಲೆ ಹರಿದಿತ್ತಲ್ಲ. ಇಲ್ಲಾ ಅವತ್ತು ಕರುಳು ಕಾರದೆ ಉಳಿದ ನಾಲ್ಕಾರು ಇರಬಹುದು. ನಾಳೆ ಯಾರಾದರೂ ಹಾಗೆ ಅಂದೇ ಅಂತಾರೆ. ಇವತ್ತೇ ನೋಡಿಬಿಡೋಣ." ಸೊಂಟದ ಚೂರಿ ತೆಗೆದಳು. "ಕೊಯ್ಯಲಾ?"

ಬೆಳಗಿನಿಂದ ಚೂರಿಯ ಕಾರಣ ಗೊತ್ತಿಲ್ಲದಿದ್ದ ಫಿಲಾಯೆಗೆ ಈಗ ಗೊತ್ತಾಯಿತು. ಅತ್ತೆ ಮನೆಯಿಂದಲೇ ಇದಕ್ಕೆ ಸಿದ್ಧಳಾಗಿ ಬಂದಿದ್ದಳು. ಅಂದರೆ ಜಾಂಗ ಇರುತ್ತದೆ ಎಂದುಕೊಂಡೇ ಬಂದಿದ್ದಳು. ಇಲ್ಲ ಎಂದುಕೊಂಡವರು ಚೂರಿ ತರುವುದಿಲ್ಲ. ಬೇಡ ಎನ್ನಬಹುದಿತ್ತು, ಬೇಲಿ ಉಳಿದಾಗಿತ್ತು. ಒಳಗೆ ಖಾಲಿ ಇದ್ದರೆ? ಬರಿಯ ನೀರು ತುಂಬಿಕೊಂಡು, ಅಪ್ಪನ ಮರದ ಹಾಗೆ, ಮೇಲೆ ಗಟ್ಟಿಯಾಗಿ ಕಾಣುತ್ತಿದ್ದರೆ? ಅವಳು ರಾಶಿಯಿಂದ ಒಂದನ್ನು ಎತ್ತಿದಳು. ಅದರ ಹಿಂಬದಿಯಲ್ಲಿ ಗಾಯ ಮಾದಂಥ ಬಿಳಿ ಗುರುತಿತ್ತು. ಅದನ್ನೇ ಆರಿಸಿ ಅತ್ತೆಯ ಕೈಗಿಟ್ಟಳು.

"ಕೊಯ್ಯಿರಿ ನೇನಿ."

ಅತ್ತೆ ಜೀವಮಾನದಲ್ಲಿ ಎಷ್ಟು ಜಾಂಗ ಕೊಯ್ದಿದ್ದಾಳೋ. ಚೂರಿ ಒಂದೇ ಎಳೆತಕ್ಕೆ ಹೊಟ್ಟೆಯುದ್ದಕ್ಕೂ ಹೋಯಿತು. ಹೆಬ್ಬೆರಳಿನಿಂದ ಬಿಡಿಸಿದಳು. ಒಳಗೆ, ನೀಟಾಗಿ ಸುತ್ತಿಟ್ಟ ಕರುಳು, ಮರಳು ತುಂಬಿ ದಪ್ಪಗಿತ್ತು. ಅತ್ತೆ ಅದನ್ನು ಬೆರಳಿಗೆ ಸುತ್ತಿಕೊಂಡು ಬಿಸಿಲಿಗೆ ಹಿಡಿದಳು. ತುಂಬ ಹೊತ್ತು ನೋಡಿದಳು. ಹೆಂಗಸರ ತಲೆಗಳೆಲ್ಲ ಅವಳ ಕೈಯ ಸುತ್ತ ಸೇರಿದವು.

"ತೆಳ್ಳಗಿದೆ," ಎಂದಳು. "ಹಳೇ ಕರುಳು ಹೀಗಿರಲ್ಲ, ಗಟ್ಟಿ ಇರುತ್ತೆ, ಬಣ್ಣನೂ ಕಪ್ಪು. ಇದು ಎಳೇದು. ಇದು ಹೊಸಾ ಕರುಳು ಕಣ್ರೇ." ಹನಿತ್ಸೆಯ ಮೂಗಿನ ಕೆಳಗೆ ಹಿಡಿದಳು. "ಮೂಸು ಬೇಕಾದ್ರೆ."

"ನಾನೇನೂ ಅನ್ನಲಿಲ್ವಲ್ಲ ನೇನಿ," ಎಂದಳು ಹನಿತ್ಸೆ.

"ಎರಡು ತಿಂಗಳಿಂದ ಅಂದಿದ್ದು ಸಾಕು."

ಫಿಲಾಯೆಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಬಂದವು. ಗಂಧ ಕಣ್ಣೀರಿಗೆ ಕರಗಿ ಬಾಯಿಗೆ ಬಂದು ಕಹಿ ಎನ್ನಿಸಿತು. ಆ ಕಹಿಯೂ ರುಚಿಯಾಗಿತ್ತು. ಗೆದ್ದೆ, ಎಂದು ಮನಸ್ಸು ಹೇಳಿತು. ಅಷ್ಟು ಸರಳವಾಗಿ, ಅಷ್ಟು ನಾಚಿಕೆಯಿಲ್ಲದೆ. ಗೆದ್ದೆ, ಗೆದ್ದೆ. ಬಯಲಿನಲ್ಲಿ ಮೊದಲ ಮಳೆಗೆ ಮಕ್ಕಳು ಅಂಗಿ ಕಳಚಿ ಓಡುವಾಗ ಹೀಗೆಯೇ ಆಗುತ್ತಿತ್ತು. ಕಾರಣ ಕೇಳುವವರಿರಲಿಲ್ಲ.

"ಈಗ ಹೇಳು," ಅತ್ತೆ ಮರಳದಿಬ್ಬದ ಮೇಲೆ ಕಾಲು ಚಾಚಿ ಕೂತಳು. ಕೊಯ್ದ ಜಾಂಗವನ್ನು ಮಡಿಲಲ್ಲಿಟ್ಟುಕೊಂಡಿದ್ದಳು. "ಆ ಮರದ ವಿಷಯ. ಅವತ್ತು ಇವರು ನಕ್ಕಿದ್ದರಲ್ಲಿ ನಾನೂ ಸರಿಯಾಗಿ ಕೇಳಲಿಲ್ಲ. ಮೊದಲಿಂದ ಹೇಳು."

ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಫಿಲಾಯೆ ನಿಂತೇ ಇದ್ದಳು. ಇಷ್ಟು ಮುಖಗಳು ಒಟ್ಟಿಗೆ ತನ್ನ ಕಡೆ ತಿರುಗಿದ್ದು, ನಗುವುದಕ್ಕಲ್ಲದೆ, ಈ ಊರಲ್ಲಿ ಇದೇ ಮೊದಲು. ಅವಳು ಹೇಳಿದಳು. ಮರಕ್ಕೆ ಗೂಟ ಹೊಡೆದು ಅಪ್ಪ ಹತ್ತುತ್ತಿದ್ದದ್ದು, ಒಳಗಿನ ತಿರುಳು ಒದ್ದೆ ಹತ್ತಿಯಂತೆ ಕೈಗೆ ಬರುತ್ತಿದ್ದದ್ದು, ಒಂದೊಂದು ಮರಕ್ಕೂ ಹೆಸರಿರುವುದು, ಹೊಸ ಮರದ ನೀರು ಮೊದಲ ವರ್ಷ ಕಂದು ಬಣ್ಣಕ್ಕಿರುವುದು, ಮಳೆಗಾಲದಲ್ಲಿ ಹೊಂಡದ ನೀರನ್ನು ಬಿಂದಿಗೆ ಬಿಂದಿಗೆಯಾಗಿ ಮೇಲಕ್ಕೆ ಸಾಗಿಸಿ ಮರದ ಹೊಟ್ಟೆ ತುಂಬಿಸುವುದು. ಎಷ್ಟು ನೀರು ಹಿಡಿಯುತ್ತೆ ಎಂದು ಯಾರೋ ಕೇಳಿದರು. ಒಂದು ಮನೆಗೆ ಬೇಸಗೆ ಕಳೆಯುವಷ್ಟು ಎಂದಳು. ಇಷ್ಟೇ ಹೇಳಿ ನಿಲ್ಲಿಸಬಹುದಿತ್ತು, ಎಲ್ಲರೂ ಬಾಯಿಬಿಟ್ಟು ಕೇಳುತ್ತಿದ್ದರು. ಆದರೆ ಗೆದ್ದವಳಿಗೆ ಬಚ್ಚಿಡುವ ಅಗತ್ಯ ಕಾಣಲಿಲ್ಲ.

"ಒಂದು ಮರ ಸತ್ತಿತ್ತು," ಎಂದಳು. "ಅಪ್ಪನದೇ. ಹೊತ್ತಲ್ಲದ ಹೊತ್ತಲ್ಲಿ ಬಗೆದ, ಕೊಳೆತು ಕುಸೀತು. ಅವತ್ತು ನಿಮಗೆ ಅದನ್ನ ಹೇಳಲಿಲ್ಲ. ಇದರಲ್ಲೂ ಒಂದೆರಡು ಸತ್ತವು. ನಾನೇ ಹೂತುಹಾಕಿದೆ."

"ಸಾಯದೇ ಇರುತ್ತವಾ," ಎಂದಳು ಕ್ಲೊಟಿಲ್ಡ್. "ನನ್ನ ಬೇಲೀಲಿ ಏನೂ ಮಾಡದೆನೇ ಎಷ್ಟು ಸತ್ತವು."

"ಅಂದ್ರೆ ಮರ ದೊಡ್ಡದಾ, ಜಾಂಗ ದೊಡ್ಡದಾ?" ಹನಿತ್ಸೆಗೆ ಸುಮ್ಮನಿರಲು ಆಗಲಿಲ್ಲ. ಆದರೆ ದನಿಯಲ್ಲಿ ಮುಳ್ಳಿರಲಿಲ್ಲ, ನಿಜವಾಗಿ ತಿಳಿಯಬೇಕಿತ್ತು. "ಯಾವುದು ಗಟ್ಟಿಗಿತ್ತಿ?"

"ಜಾಂಗನೇ. ಹೋದ ಕರುಳು ಹೊಸದು ಬೆಳೆಸಿಕೊಂಡಿತು. ಮರಕ್ಕೆ ಆಗುತ್ತಾ?" ಎಂದಳೊಬ್ಬಳು.

"ಮರಕ್ಕೆ ಆಗಲ್ಲ," ಎಂದಳು ಫಿಲಾಯೆ. "ತೊಗಟೆ ಸುಲಿದರೆ ಬರುತ್ತೆ. ಹೊಟ್ಟೆ ಬರಲ್ಲ. ಅದು ಹಾಗೇ ಟೊಳ್ಳಾಗೇ ಇರುತ್ತೆ. ಬೇರೆಯವರ ನೀರು ಹೊತ್ಕೊಂಡು."

"ಹಾಗಾದ್ರೆ ಮರನೇ," ಎಂದಳು ಅತ್ತೆ. "ಜಾಂಗ ತನ್ನ ಹೊಟ್ಟೆ ತಾನು ತುಂಬ್ಕೊಳ್ತು. ಅದರಲ್ಲೇನು ಹೆಚ್ಚುಗಾರಿಕೆ, ನಾವೆಲ್ಲ ಅದನ್ನೇ ಮಾಡ್ತೀವಿ. ಟೊಳ್ಳಾಗಿ ನಿಂತು ಇನ್ನೊಬ್ಬರಿಗೆ ನೀರು ಇಡೋದು ಎಷ್ಟು ಜನಕ್ಕೆ ಬರುತ್ತೆ."

ಜಗಳ ಹತ್ತಿಕೊಂಡಿತು. ಜಾಂಗದ ಕಡೆಯವರು, ಮರದ ಕಡೆಯವರು ಎಂದು ಎರಡು ಪಂಗಡವಾಯಿತು. ಮರದ ಎಲೆ ತಿನ್ನಬಹುದು, ಜಾಂಗದ್ದು ಏನು ತಿನ್ನುತ್ತೀ. ಜಾಂಗ ನಡೆದು ನೆರಳಿಗೆ ಹೋಯಿತಲ್ಲ, ಮರ ಎಲ್ಲಿಗೆ ಹೋಗುತ್ತೆ. ಮರ ಯಾಕೆ ಹೋಗಬೇಕು, ನೆರಳೇ ಅದರದ್ದಲ್ಲವಾ. ಮರವನ್ನು ಕಣ್ಣಾರೆ ಕಾಣದ ಹೆಂಗಸರು ಅದರ ಪರ ಕೈ ಬೀಸಿ ವಾದಿಸುತ್ತಿದ್ದರು. ತನ್ನ ಬಯಲಿನ ಮರ ಈ ನೀರಿನ ನಡುವೆ ಬಂದು ನಿಂತಿದೆ, ಅದರ ಕೆಳಗೆ ಕೂತು ಇವರು ಕಿತ್ತಾಡುತ್ತಿದ್ದಾರೆ ಎಂದು ಅವಳಿಗೆ ಕಂಡಿತು. ನಾನು 'ಹೋಗಲಿ ಬಿಡಿ' ಎನ್ನುವುದಿಲ್ಲ, ಜಗಳ ನಡೆಯಲಿ ಎಂದುಕೊಂಡಳು. ಯಾವುದು ಗೆದ್ದರೂ ಅವಳಿಗೆ ನಷ್ಟವಿರಲಿಲ್ಲ.

ಆಗ ಅವಳ ಕಿವಿಗೆ ಅದು ಬಿತ್ತು. ಇಳಿಯುವ ಸದ್ದಲ್ಲ. ದೂರದ ಬಂಡೆಸಾಲಿನ ಕಡೆಯಿಂದ ಇನ್ನೊಂದು ಸದ್ದು, ಮೆಲ್ಲಗೆ, ತುಂಬಿಕೊಳ್ಳುತ್ತ ಬರುವುದು. ತಿರುಗಿ ನೋಡಿದಳು. ಊರಿಗೆ ಹೋಗುವ ದಾರಿಯ ಕಾಲುವೆಯಲ್ಲಿ ಆಗಲೇ ನೀರು ಹೊಳೆಯುತ್ತಿತ್ತು. ಕೂತಿದ್ದ ಹೆಂಗಸರ ಸುತ್ತುಬಟ್ಟೆಯ ಅಂಚುಗಳು ತೇಲುತ್ತಿದ್ದವು. ಹುಟ್ಟಿನಿಂದ ಈ ನೀರಿನಲ್ಲಿ ಬೆಳೆದವರಲ್ಲಿ ಒಬ್ಬಳೂ ಅದನ್ನು ಗಮನಿಸಿರಲಿಲ್ಲ.

"ನೀರು ಬಂತು," ಎಂದಳು. ಯಾರೂ ಕೇಳಲಿಲ್ಲ. "ನೇನಿ, ನೀರು ಏರ್ತಾ ಇದೆ. ಏಳಿ, ಎಲ್ಲ ಏಳಿ."

ಗಲಾಟೆಯೋ ಗಲಾಟೆ. ಬೋಗುಣಿ ತೇಲಿತು, ಟೋಪಿ ಹೋಯಿತು, ಜಾಂಗಗಳನ್ನು ಬೇಲಿಯೊಳಗೆ ಮತ್ತೆ ಮರಳಿಗೆ ಬಿಡುವಷ್ಟರಲ್ಲಿ ನೀರು ತೊಡೆಗೆ ಬಂದಿತ್ತು. ಹನಿತ್ಸೆ ಎದೆ ಬಡಿದುಕೊಂಡು ನಗುತ್ತಿದ್ದಳು. "ಊರಲ್ಲಿ ಯಾರಿಗೂ ಹೇಳ್ಬೇಡಿ," ಎಂದಳು ಕ್ಲೊಟಿಲ್ಡ್. "ಮರದ ಮಾತಾಡ್ತಾ ಕೂತು ಉಬ್ಬರ ಮರೆತರು ಅಂದ್ರೆ ನಮ್ಮ ಗಂಡಸರು ಸಾಯೋ ತನಕ ಬಿಡಲ್ಲ."

ಅತ್ತೆ ಏಳಲು ಹೋಗಿ ಮಂಡಿ ಹಿಡಿದುಕೊಂಡು ನಿಂತಳು. ಫಿಲಾಯೆ ಕೈ ಕೊಟ್ಟಳು. ಅತ್ತೆ ಆ ಕೈಯನ್ನು ಹಿಡಿಯಲಿಲ್ಲ, ಅವಳ ಹೆಗಲ ಮೇಲೆ ತನ್ನ ಭಾರ ಬಿಟ್ಟಳು. ಕಾಲುವೆಯ ಕಡೆ ನೋಡಿದಳು. ಎಲ್ಲಿ ಗುಂಡಿ, ಎಲ್ಲಿ ಗಟ್ಟಿ ಎಂದು ಈಗ ಕಣ್ಣಿಗೆ ಕಾಣುವಂತಿರಲಿಲ್ಲ, ಕಾಲಿಗೆ ಗೊತ್ತಿರಬೇಕು.

"ನೀನು ದಿನಾ ಓಡಾಡ್ತಿದ್ದೀಯಲ್ಲ, ಬೇಲಿ ಕಾಯೋಕೆ," ಎಂದಳು. "ನನ್ನ ಕಾಲು ಹಳೇ ದಾರಿ ಬಲ್ಲದು. ಹೋದ ಸಲದ ಗಾಳಿಗೆ ಮರಳು ಜಾಗ ಬದಲಿಸಿದೆ. ನಡಿ, ಮುಂದೆ ನಡಿ."

"ನಾನಾ?"

"ಮತ್ಯಾರು?" ಅತ್ತೆ ಹಿಂದಕ್ಕೆ ತಿರುಗಿ ಕೂಗಿದಳು. "ಲೇ, ಎಲ್ಲ ಈ ವೆಜೊ ಹಿಂದೆ ಬನ್ನಿ. ಅವಳು ಇಟ್ಟಲ್ಲೇ ಕಾಲಿಡಿ."

ಫಿಲಾಯೆ ಮೊದಲ ಹೆಜ್ಜೆ ಇಟ್ಟಳು. ಗಟ್ಟಿಯಿತ್ತು. ಎಡಕ್ಕೆ ಬಳಸಿ ಎರಡನೆಯದು ಇಟ್ಟಳು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು, ಅಂಗಾಲಿನ ಕೆಳಗೆ ನೆಲ ಬಿಟ್ಟುಹೋಗಲಿಲ್ಲ. ಬಲಗಡೆ ಗುಂಡಿ ಎಂದು ತಿರುಗದೆಯೇ ಕೂಗಿದಳು. ಹಿಂದೆ ಅದೇ ಮಾತನ್ನು ಒಬ್ಬಳು ಇನ್ನೊಬ್ಬಳಿಗೆ, ಅವಳು ಮತ್ತೊಬ್ಬಳಿಗೆ ದಾಟಿಸುತ್ತ ಹೋದರು, ಬಲಗಡೆ ಗುಂಡಿ, ಬಲಗಡೆ ಗುಂಡಿ, ಸಾಲಿನ ಕೊನೆಯ ತನಕ.